ಆಕ್ಯುಪೇಷನಲ್ ಥೆರಪಿ ಪದವಿಯಲ್ಲಿ (ಬಿಒಟಿ) ಶೇಕಡಾ 58 ಅಂಕ ಬಂದಿದೆ. ಅದರ ಸ್ನಾತಕೋತ್ತರ ಪದವಿಯ (ಎಂಒಟಿ) ಅರ್ಜಿಗೆ ಉದ್ದೇಶಪತ್ರವನ್ನು (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಹೇಗೆ ಬರೆಯಬೇಕು?

ಕಡಿಮೆ ಅಂಕವನ್ನು ಒಳ್ಳೆಯ ಇಂಗ್ಲಿಷಿನ ಉದ್ದೇಶಪತ್ರದಿಂದ ಮುಚ್ಚಬಹುದೇ, ಮಾದರಿ ಇದ್ದರೆ ಕಳಿಸಿ ಎಂದು ಕೇಳಿದ್ದೀರಿ. ನನಗೆ ಶೇಕಡಾ 71 ಅಂಕವಿತ್ತು, ಪತ್ರವನ್ನು ಇಂಗ್ಲಿಷ್ ಮೇಷ್ಟರೊಬ್ಬರಿಂದ ಎರಡು ಸಲ ತಿದ್ದಿಸಿದ್ದೆ, ಆದರೂ ಎಂಟು ವರ್ಷಗಳ ಹಿಂದೆ ಸಂದರ್ಶನದಲ್ಲಿ ನನ್ನನ್ನು ಕೈಬಿಟ್ಟರು. ಆದ್ದರಿಂದ ಮಾದರಿ ಕಳಿಸುವುದಿಲ್ಲ.

ನಾನು ವಿಜಯಪುರದವನು. ರೋಗಿ ತನ್ನ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳುವಂತೆ ಮಾಡುವುದು ನಮ್ಮ ಈ ಚಿಕಿತ್ಸೆಯ ಗುರಿ. ಬಿಒಟಿಯ ಕೊನೆಯ ಆರು ತಿಂಗಳ ಇಂಟರ್ನ್‌ಶಿಪ್ಪನ್ನು ಮಹಾರಾಷ್ಟ್ರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಾಡಿದೆ. ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿದ್ದ, ಐವತ್ತು ದಾಟಿದ ಹೆಣ್ಣುಮಗಳೊಬ್ಬರನ್ನು ಇಂಡಿ ತಾಲ್ಲೂಕಿನ ಹಳ್ಳಿಯಿಂದ ಅಲ್ಲಿಗೆ ಕರೆತಂದಿದ್ದರು. ಇಡೀ ವಿಭಾಗದಲ್ಲಿ ಕನ್ನಡ ಬಲ್ಲವನು ನಾನೊಬ್ಬನೇ ಆಗಿದ್ದರಿಂದ ಅವರನ್ನು ನನಗೇ ಒಪ್ಪಿಸಿದರು. ಐದು ವಾರಗಳ ಕಾಲ ‘ಕೈ ಮ್ಯಾಲೆ ಎತ್ರಿ, ಮುಷ್ಟಿ ಗಟ್ಟಿ ಹಿಡೀರಿ’ ಎನ್ನುವುದನ್ನು ಬಿಟ್ಟು ನಾನು ಅವರೊಂದಿಗೆ ಬೇರೇನನ್ನೂ ಮಾತಾಡಿದ್ದು ನೆನಪಿಲ್ಲ. ಭುಜದ ಚಲನೆ 40 ಡಿಗ್ರಿಯಿಂದ 95ಕ್ಕೆ ಏರಿತು, ಹಿಡಿತ 2 ಕಿಲೋದಿಂದ 7 ಕಿಲೋಗೆ ಬಂತು. ಬಲಗೈಗೆ ತುಸು ಬಲ ಬಂದ ಮೇಲೆ ಅವರು ಬಿಡುವು ಸಿಕ್ಕಾಗಲೆಲ್ಲ ಅಂಗೈಯನ್ನು ಮೇಜಿನ ಮೇಲೆ ಮೆಲ್ಲಗೆ ಬಡಿಯುತ್ತ, ಎಡಗೈಯಿಂದ ಏನನ್ನೋ ತಿರುಗಿಸುವಂತೆ ಮಾಡುತ್ತಿದ್ದರು. ನಾನು ಫೈಲಿನಲ್ಲಿ ‘ಉದ್ದೇಶವಿಲ್ಲದ ಚಲನೆ’ ಎಂದು ಬರೆದೆ.

ನನ್ನ ಪತ್ರ ಈ ಅಂಕಿಗಳ ಮೇಲೆಯೇ ನಿಂತಿತ್ತು. ಮೊದಲ ಪ್ಯಾರಾದಲ್ಲಿ, 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಅವರು ಈ ವಿದ್ಯೆಯ ಶಾಲೆಯನ್ನು ಆರಂಭಿಸಿದ ಸಂಗತಿಯನ್ನೂ ಸೇರಿಸಿದ್ದೆ; ಬಹುಶಃ ಆ ವರ್ಷ ಅರ್ಜಿ ಹಾಕಿದವರಲ್ಲಿ ಅರ್ಧದಷ್ಟು ಜನ ಅದನ್ನೇ ಸೇರಿಸಿರಬೇಕು. ಸಂದರ್ಶನದಲ್ಲಿ ಹಿರಿಯರೊಬ್ಬರು, ಆಕೆ ಮನೆಗೆ ಹೋಗಿ ಏನು ಮಾಡಿದರು ಎಂದು ಕೇಳಿದರು. ನಾನು 95 ಡಿಗ್ರಿ ಎಂದೆ. ಮೊದಲು ಏನು ಕೆಲಸ ಮಾಡುತ್ತಿದ್ದರು ಎಂದು ಕೇಳಿದರು. ಗೃಹಿಣಿ ಎಂದೆ. ‘ಹಾಗಾದರೆ ಆಕೆ ಬೆಳಿಗ್ಗೆ ಎದ್ದು ಬಲಗೈಯಿಂದ ಮಾಡುತ್ತಿದ್ದ ಮೊದಲ ಐದು ಕೆಲಸ ಹೇಳಿ’ ಎಂದರು. ಹಲ್ಲುಜ್ಜುವುದು, ಮುಖ ತೊಳೆಯುವುದು ಎಂದು ಹೇಳಿ ನಿಂತುಬಿಟ್ಟೆ.

ಆಕೆಯ ಕೆಲಸದ ಬಗ್ಗೆ ಕೇಳದೇ ಹೋದ ನನ್ನ ತಪ್ಪು, ಅರಿವಿನ ಕೊರತೆಯಿಂದ ಆದದ್ದಲ್ಲ ಎಂಬುದನ್ನು ನೀವು ಗಮನಿಸಬೇಕು. ರೋಗಿಯೇ ತನಗೆ ಮುಖ್ಯವಾದ ಕೆಲಸಗಳನ್ನು ಹೆಸರಿಸಿ, ಅವನ್ನು ಎಷ್ಟರಮಟ್ಟಿಗೆ ಮಾಡಬಲ್ಲೆ, ಅದರಿಂದ ಎಷ್ಟು ತೃಪ್ತಿಯಿದೆ ಎಂದು 1ರಿಂದ 10ರವರೆಗೆ ಅಂಕ ಕೊಡುವ ಕೆನಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್ 1991ರಿಂದಲೂ ಇದೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಮೂರು ಪುಟ ಬರೆದಿದ್ದೆ. ಆದರೆ ವಾರ್ಡಿನಲ್ಲಿ ಎಲ್ಲರೂ ನಮ್ಮನ್ನು ಫಿಸಿಯೋಥೆರಪಿಯ ತಮ್ಮನಂತೆ ಕಾಣುತ್ತಿದ್ದರು. ಡಿಗ್ರಿ, ಕಿಲೋ ಬರೆದರೆ ವಿಜ್ಞಾನವೆನಿಸುತ್ತದೆ, ‘ಮನ್ಯಾಗ ಏನು ಮಾಡ್ತೀರಿ’ ಎಂದು ಕೇಳಿದರೆ ಹರಟೆಯೆನಿಸುತ್ತದೆ ಎಂಬ ನಾಚಿಕೆ ನನ್ನಲ್ಲಿತ್ತು. ಬೇರೆಯವರು ಕೇಳದಿದ್ದುದಕ್ಕೆ ಭಾಷೆ ಬಾರದು ಎಂಬ ನೆಪವಿತ್ತು. ನನಗೆ ಅದೂ ಇರಲಿಲ್ಲ.

ಊರಿಗೆ ಬಂದ ಮೇಲೆ ಆ ಹೆಣ್ಣುಮಗಳ ಮಗನಿಗೆ ಫೋನ್ ಮಾಡಿದೆ. ಆಕೆ ವರ್ಷಗಟ್ಟಲೆ ಖಾನಾವಳಿಯೊಂದಕ್ಕೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವರು. ‘ಅವ್ವ ಈಗ ರೊಟ್ಟಿ ಬಡಿಯೂದು ಬಿಟ್ಟಾಳ್ರಿ’ ಎಂದ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಎಸರು ಹೊಯ್ದು ನಾದಿದರೂ ಲಟ್ಟಣಿಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಒಂದು ಅಂಗೈ ಬಡಿಯುತ್ತಿರಬೇಕು, ಇನ್ನೊಂದು ಕೈ ಅಂಚು ಒಡೆಯದಂತೆ ತಿರುಗಿಸುತ್ತಿರಬೇಕು. ಮೇಜಿನ ಮೇಲೆ ಅವರು ಮಾಡುತ್ತಿದ್ದುದು ಅದನ್ನೇ. ನಾನು ಅಂದೇ ಕೇಳಿದ್ದರೆ ಮಣೆಯನ್ನು ಎತ್ತರಿಸಿ, ಅದು ಜಾರದಂತೆ ಕೆಳಗೆ ಒದ್ದೆ ಅರಿವೆ ಹಾಸಿ, ಎಡಗೈಗೆ ಬಡಿಯುವುದನ್ನೂ ಬಲಗೈಗೆ ತಿರುಗಿಸುವುದನ್ನೂ ಕಲಿಸಬಹುದಿತ್ತು. ನನ್ನ ಸೀಟು ಹೋದದ್ದು ಒಂದು ವರ್ಷದ ಮಾತು. ಆಕೆಯ ದುಡಿಮೆ ಹೋದದ್ದು ಹಾಗಲ್ಲ.

ಆ ವರ್ಷ ವಿಜಯಪುರದಲ್ಲೇ ಮಕ್ಕಳ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಡಿಮೆ ಸಂಬಳಕ್ಕೆ ದುಡಿದು, ಮರುವರ್ಷ ಈ ತಪ್ಪನ್ನೇ ಪತ್ರದಲ್ಲಿ ಬರೆದೆ, ಸೀಟು ಸಿಕ್ಕಿತು. ಹೀಗಾಗಿ, ಒಂದು ವರ್ಷ ಬಿಡುವಾದರೆ ಕಪ್ಪುಚುಕ್ಕೆ ಎಂಬ ನಿಮ್ಮ ಭಯವನ್ನು ನಾನು ಒಪ್ಪುವುದಿಲ್ಲ. ಕಾಲೇಜುಗಳ ವಿಚಾರಕ್ಕೆ ಬಂದರೆ ಮಣಿಪಾಲವಿದೆ, ಒಡಿಶಾದ ಓಲಟ್‌ಪುರದಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯಿದೆ. ಒಂದೊಂದರ ಪ್ರವೇಶ ಕ್ರಮವೂ ಬೇರೆ, ಅವರವರ ಪ್ರಕಟಣೆಯನ್ನೇ ಓದಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ಸಿಗುವ ಮಾದರಿಗಳು ಬಹುಪಾಲು ಅಮೆರಿಕದವು. ಅಲ್ಲಿ ಬೇರೆ ಪದವಿ ಪಡೆದವರೂ ಸ್ನಾತಕೋತ್ತರದ ಮೂಲಕ ಈ ವೃತ್ತಿಗೆ ಬರುತ್ತಾರೆ, ಹಾಗಾಗಿ ಏಕೆ ಬಂದೆ ಎಂದು ವಿವರಿಸುತ್ತಾರೆ. ನಮ್ಮಲ್ಲಿ ಬಿಒಟಿ ಮಾಡದೆ ಎಂಒಟಿ ಇಲ್ಲ; ನಾಲ್ಕೂವರೆ ವರ್ಷ ಇದರಲ್ಲೇ ಇದ್ದವರು ಏನನ್ನು ಕಂಡರು ಎಂಬುದನ್ನು ಬರೆಯಬೇಕು.

ನಿಮ್ಮ ಇಂಟರ್ನ್‌ಶಿಪ್ಪಿಗೆ ಇನ್ನೂ ಎರಡು ತಿಂಗಳಿದೆ ಎಂದಿದ್ದೀರಿ. ತೋರುಬೆರಳಿನ ಸ್ನಾಯುರಜ್ಜು ಕತ್ತರಿಸಿಕೊಂಡ ಇಳಕಲ್ಲಿನ ನೇಕಾರರೊಬ್ಬರು ನಿಮ್ಮಲ್ಲಿಗೆ ಬರುತ್ತಾರೆ ಎಂದೂ ಬರೆದಿದ್ದೀರಿ, ಆದರೆ ಅವರ ಬಗ್ಗೆ ತಿಳಿಸಿರುವುದು ಬೆರಳು ಮಡಿಚುವ ಕೋನವನ್ನು ಮಾತ್ರ. ನಾಳೆ ಅವರು ಬಂದಾಗ ಕೋನ ಅಳೆಯುವ ಗೋನಿಯೋಮೀಟರ್ ತೆಗೆಯುವ ಮೊದಲು, ಲಾಳಿ ಎಸೆಯುವ ಕೈ ಯಾವುದು, ಎಳೆ ಹರಿದರೆ ಗಂಟು ಹಾಕುವುದು ಯಾವ ಎರಡು ಬೆರಳುಗಳಿಂದ, ಸೆರಗಿನ ಎಳೆಗಳನ್ನು ಒಡಲಿನ ಎಳೆಗಳಿಗೆ ಜೋಡಿಸುವ ಕೆಲಸವನ್ನು ಅವರೇ ಮಾಡುತ್ತಾರೋ ಮನೆಯ ಹೆಣ್ಣುಮಕ್ಕಳು ಮಾಡುತ್ತಾರೋ, ಈಗ ಮಗ್ಗದ ಮೇಲೆ ಯಾರು ಕೂತಿದ್ದಾರೆ ಎಂದು ಕೇಳಿ, ಅವರು ಹೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ.