ಕಲಬುರಗಿಯ ರಾತ್ರಿ ಬಗ್ಗೆ ಕೇಳಿದ್ದೀರಿ, ಮೊದಲು ಮನೆ ಎಷ್ಟನೇ ಮಹಡಿ ಅಂತ ಹೇಳಿ

ವಯಸ್ಸು 27, ಬೆಂಗಳೂರಿನಿಂದ ಕಲಬುರಗಿಗೆ ವರ್ಗ ಆಗಿದೆ, ಅಲ್ಲಿ ನೈಟ್‌ಲೈಫ್ ಇದೆಯಾ ಇಲ್ಲಾ ಪ್ರತಿ ಶನಿವಾರ ಹೈದರಾಬಾದಿಗೆ ಓಡಬೇಕಾ ಅಂತ ಕೇಳಿದ್ದೀರಿ. 2021ರ ಡಿಸೆಂಬರಿನಲ್ಲಿ ನಾನೂ ಇದನ್ನೇ ಎಲ್ಲರನ್ನೂ ಕೇಳುತ್ತಿದ್ದೆ. ನಾನು ಹಾಸನದವನು. ಸ್ವೆಟರ್ ಹಾಕಿಕೊಂಡೇ ಇಲ್ಲಿ ರೈಲು ಇಳಿದಿದ್ದೆ.

ಆ ಡಿಸೆಂಬರೇ ನನ್ನನ್ನು ಕೆಡಿಸಿದ್ದು. ರಿಂಗ್ ರೋಡ್ ಆಚೆ ಒಂದು ಹೊಸ ಬಡಾವಣೆಯಲ್ಲಿ ಮೂರನೇ ಮಹಡಿಯ ಮನೆ ತೋರಿಸಿದರು. ಬೆಳಿಗ್ಗೆ 10 ಗಂಟೆ. ಎಳೆ ಬಿಸಿಲು, ತಣ್ಣನೆ ಗಾಳಿ, ಬಾಲ್ಕನಿಯಲ್ಲಿ ನಿಂತರೆ ದೂರದವರೆಗೆ ಕೊಯ್ಲಿಗೆ ಬಂದ ತೊಗರಿ. ಬಾಡಿಗೆ 8,000, ಅಡ್ವಾನ್ಸ್ 50,000, 11 ತಿಂಗಳ ಕರಾರು, ಮಧ್ಯದಲ್ಲಿ ಬಿಟ್ಟರೆ ಮೂರು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ. ಯೋಚನೆ ಮಾಡದೆ ಸಹಿ ಹಾಕಿದೆ. ಸಾಮಾನು ಏರಿಸುವಾಗ ಕೆಳಗಿನ ಮನೆಯ ಅಕ್ಕ ಬಾಗಿಲಲ್ಲಿ ನಿಂತು, "ಮ್ಯಾಲಿನ ಮನಿ ಯಾಕ ಹಿಡದ್ರಿ ಸರ? ಬ್ಯಾಸಗಿ ಬರ್ಲಿ, ಗೊತ್ತಾಗ್ತದ" ಅಂದರು. ಇವರಿಗ್ಯಾಕೆ ಊರ ಉಸಾಬರಿ ಅಂದುಕೊಂಡೆ.

ಈಗ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರಾದರೂ ಓದಿ. ನನ್ನ ತಲೆಯ ಮೇಲೆ ಇನ್ನೊಂದು ಮನೆ ಇರಲಿಲ್ಲ, ನೇರ ತಾರಸಿ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಆ ಕಾಂಕ್ರೀಟು ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಕುಡಿಯುತ್ತದೆ. ಕುಡಿದದ್ದನ್ನು ರಾತ್ರಿಯಿಡೀ ಕೆಳಗೆ ಇಳಿಸುತ್ತದೆ. ಹೊರಗೆ ತಂಪಾದ ಮೇಲೂ ಒಳಗೆ ಕಾವು ಏರುತ್ತಲೇ ಇರುತ್ತದೆ. ಮಲಗುವ ಕೋಣೆ ಪಶ್ಚಿಮಕ್ಕೆ, ಗೋಡೆಗೆ ಬೆನ್ನು ತಾಗಿಸಿದರೆ ರೊಟ್ಟಿ ಹಂಚು. ಫ್ಯಾನ್ ಹಾಕಿದರೆ ಸೂರಿನ ಬಿಸಿಯೆಲ್ಲಾ ಮೈಮೇಲೆ. ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು ಬೇರೆ. ರಾತ್ರಿ 11ಕ್ಕೂ ನಲ್ಲಿಯಲ್ಲಿ ಬಿಸಿನೀರು. ಹಾಸನದಲ್ಲಿ ಅದಕ್ಕೆ ಗೀಸರ್ ಬೇಕು!

ಇನ್ನೊಂದು ತಮಾಷೆ ಇದೆ. ನನ್ನದು ರಾಜ್ಯ ಸರ್ಕಾರದ ನೌಕರಿ. ಏಪ್ರಿಲ್, ಮೇ ಎರಡು ತಿಂಗಳು ಈ ಭಾಗದಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಕೇಳಿದವರೆಲ್ಲ ಪುಣ್ಯವಂತ ಅಂದರು. ಆದರೆ 1.30ಕ್ಕೆ ಬಿಟ್ಟರೆ ನಾನು ಹೋಗಬೇಕಾದ್ದು ಅದೇ ಒಲೆಯೊಳಕ್ಕೆ ಅಲ್ವಾ? ಹಾಸಿಗೆ ಬಟ್ಟೆ ಒದ್ದೆ ಮಾಡಿ ಮಲಗಿದೆ. ಕೊನೆಗೆ ಬಿಸಿಲು ಬಡಿದು ಎರಡು ದಿನ ಡ್ರಿಪ್ ಹಾಕಿಸಿಕೊಂಡೆ. ಜೂನ್‌ನಲ್ಲಿ ಮನೆ ಬಿಟ್ಟೆ. 24,000 ರೂಪಾಯಿ ಹೋಯಿತು. ಡಿಸೆಂಬರಿನಲ್ಲಿ ಮನೆ ನೋಡಿದ್ದು, ಅದೂ ಬೆಳಿಗ್ಗೆ ನೋಡಿದ್ದು, ಇಷ್ಟೇ ನನ್ನ ತಪ್ಪು.

ಆದರೆ ಆ ಮನೆ ನನ್ನನ್ನು ಹೊರಗೆ ದೂಡಿತು. ಮಧ್ಯಾಹ್ನ ನೆರಳು ಹುಡುಕಿಕೊಂಡು ಕೋಟೆಗೆ ಹೋಗುತ್ತಿದ್ದೆ. ಅಲ್ಲಿನ ಜಾಮಿ ಮಸೀದಿ 1367ರದ್ದು. ಬೇರೆ ದೊಡ್ಡ ಮಸೀದಿಗಳ ಹಾಗೆ ತೆರೆದ ಅಂಗಳ ಇಲ್ಲ, ಇಡೀ ಕಟ್ಟಡಕ್ಕೆ ಸೂರು, ಸಾಲು ಸಾಲು ಕಮಾನು. ದಪ್ಪ ಗೋಡೆಯ ಪಕ್ಕ ಕೂತಾಗ ಅನ್ನಿಸಿತು, ಬಹಮನಿ ಸುಲ್ತಾನರ ಕಾಲದ ಮೇಸ್ತ್ರಿಗೆ ಗೊತ್ತಿದ್ದದ್ದು ನನ್ನ ಓನರ್‌ಗೆ ಗೊತ್ತಿರಲಿಲ್ಲ.

ರಾತ್ರಿ 9ರ ಮೇಲೆ ಬೈಕ್ ತೆಗೆದುಕೊಂಡು ಅಪ್ಪನ ಕೆರೆ ಕಡೆ. ಅಲ್ಲಿ ನೋಡಿದರೆ ಊರೇ ಇದೆ! ಹಗಲೆಲ್ಲ ಬಾಗಿಲು ಹಾಕಿಕೊಂಡವರು, ಮಕ್ಕಳು, ಅಜ್ಜಿಯರು, ಎಲ್ಲ ಗಾಳಿಗೆ ಬಂದಿದ್ದರು. ಸುಸ್ಲಾ (ಮಂಡಕ್ಕಿ ಒಗ್ಗರಣೆ), ಮಿರ್ಚಿ ಭಜಿ, ಚಾ. ಪಕ್ಕದಲ್ಲಿ ಕೂತವರು ಎಲ್ಲಿಯವರು ಅಂತ ಕೇಳಿ, ಹಾಸನ ಅಂದರೆ "ಅಲ್ಲಿ ಮಳಿ ಭಾಳ ಅಂತಲ್ರಿ" ಅಂತ ಆಸೆಯಿಂದ ಕೇಳುತ್ತಿದ್ದರು. ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಅಂದ್ರೆ ಮೋಜಿನ ಸಮಯ ಅಲ್ಲ, ಹಗಲು ಮಾಡಲಾಗದ್ದನ್ನೆಲ್ಲ ಮಾಡುವ ಸಮಯ. ಇದು ಗೊತ್ತಾಗೋಕೆ ನನಗೆ ನಾಲ್ಕು ತಿಂಗಳು ಬೇಕಾಯಿತು.

ಆ ವರ್ಷ ರಂಜಾನ್ ಕೂಡ ಏಪ್ರಿಲ್‌ನಲ್ಲೇ ಬಂತು. ಸಹೋದ್ಯೋಗಿಯೊಬ್ಬರು ಮುಸ್ಲಿಂ ಚೌಕ್ ಕಡೆ ಕರೆದುಕೊಂಡು ಹೋದರು. ಮಧ್ಯರಾತ್ರಿ, ಜನ ಭುಜಕ್ಕೆ ಭುಜ. ಒಂದು ಕಡೆ ಹಲೀಮ್, ಇನ್ನೊಂದು ಕಡೆ ಬಟ್ಟೆ ಚೌಕಾಸಿ, ಒಂದೇ ವಾಕ್ಯದಲ್ಲಿ ಅರ್ಧ ಕನ್ನಡ ಅರ್ಧ ದಖ್ಖನಿ. ತಹಾರಿ ತಿಂದದ್ದೂ ಅಲ್ಲೇ ಮೊದಲು. ಮಟನ್ ಹಾಕಿದ ಅನ್ನ, ಬಿರಿಯಾನಿ ಅಂದರೆ ಇಲ್ಲಿಯವರು ತಿದ್ದುತ್ತಾರೆ, ಹುಷಾರು. ಹೋಳಿ ಹುಣ್ಣಿಮೆ ಆಗಿ ಐದನೇ ದಿನಕ್ಕೆ ಶರಣಬಸವೇಶ್ವರರ ತೇರು. ಬಾಳೆಹಣ್ಣು, ಉತ್ತತ್ತಿ ತೇರಿನ ಮೇಲೆ ಎಸೆಯುತ್ತಾರೆ, ನನ್ನ ತಲೆಗೂ ಎರಡು ಬಿದ್ದವು. ಆಮೇಲೆ ಜಾತ್ರೆ ದಿನಗಟ್ಟಲೆ ನಡೆಯುತ್ತದೆ. ಸೂಫಿ ಸಂತ ಬಂದೇ ನವಾಜರ ಉರುಸಿನಲ್ಲೂ ದರ್ಗಾದ ಸುತ್ತ ಇದೇ ಗಲಾಟೆ. ಎರಡು ಕಡೆಯೂ ಎಲ್ಲ ಜಾತಿ ಧರ್ಮದವರು ಹೋಗುತ್ತಾರೆ.

ನೀವು ಕೇಳಿದ ಡಿಜೆ, ಪಬ್ಬು ನಾನಂತೂ ಕಂಡಿಲ್ಲ. ಬಾರ್‌ಗಳಿವೆ, ಬಾರ್‌ಗಳ ಹಾಗೇ ಇವೆ. ನಾಟಕ, ಸಂಗೀತ ಬೇಕಿದ್ದರೆ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಏನು ನಡೆದಿದೆ ಅಂತ ವಿಚಾರಿಸುತ್ತಿರಿ. ನೀವು ಹುಡುಗನೋ ಹುಡುಗಿಯೋ ಬರೆದಿಲ್ಲ. ಹುಡುಗಿ ಆದ್ರೆ ಸುಳ್ಳು ಹೇಳೋಲ್ಲ, ರಾತ್ರಿ 10ರ ಮೇಲೆ ಚಾ ಅಂಗಡಿಯಲ್ಲಿ ಬರೀ ಗಂಡಸರೇ ಜಾಸ್ತಿ. ಜಾತ್ರೆ, ರಂಜಾನ್ ಪೇಟೆ, ಕೆರೆ ಕಡೆ ಮಾತ್ರ ಸಂಸಾರಸ್ಥರು ತುಂಬಿರುತ್ತಾರೆ.

ಹೈದರಾಬಾದ್? 200 ಕಿ.ಮೀ.ಗೂ ಜಾಸ್ತಿ ದೂರ. ಎರಡು ಸಲ ಹೋದೆ. ಶನಿವಾರ ಬಸ್ಸು, ಭಾನುವಾರ ಬಸ್ಸು, ಮಧ್ಯೆ ಒಂದು ಬಿರಿಯಾನಿ. ಸೋಮವಾರ ಕಚೇರಿಯಲ್ಲಿ ತೂಕಡಿಕೆ. ಪ್ರತಿ ವಾರ ಊರು ಬಿಡುವವನನ್ನು ಇಲ್ಲಿ ಯಾರೂ ಊಟಕ್ಕೆ ಕರೆಯೋದಿಲ್ಲ, ಯಾಕಂದ್ರೆ ಕರೆಯುವುದು ಭಾನುವಾರವೇ. ನನ್ನನ್ನು ಮೊದಲು ಕರೆದದ್ದು ಆ ಕೆಳಗಿನ ಮನೆಯ ಅಕ್ಕ. ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಅವರ ಮನೆ ಒಳಗೆ ತಣ್ಣಗಿತ್ತು. ಆಗಬೇಕಾದ್ದೇ, ಅವರ ತಲೆಯ ಮೇಲೆ ನಾನಿದ್ದೆನಲ್ಲ!

ಹಾಗಾಗಿ ಪಬ್ಬಿನ ವಿಷಯ ಬಿಡಿ. ಮನೆ ನೋಡೋಕೆ ಮಧ್ಯಾಹ್ನ 3 ಗಂಟೆಗೆ ಹೋಗಿ. ಪಶ್ಚಿಮದ ಗೋಡೆಗೆ ಅಂಗೈ ಇಡಿ. ಮೇಲೆ ಇನ್ನೊಂದು ಮಹಡಿ ಇದೆಯಾ ನೋಡಿ. ಹೊಸ ಬಡಾವಣೆ ಬೇಡ, ಸೂಪರ್ ಮಾರ್ಕೆಟ್ ಅನ್ನೋ ಪೇಟೆಗೋ ಕೆರೆಗೋ ನಡೆದು ಹೋಗುವಷ್ಟು ಹತ್ತಿರ ಹಿಡಿಯಿರಿ, ನಾನೀಗ ಹಾಗೇ ಇದ್ದೇನೆ. ಕೂಲರ್ ಫೆಬ್ರವರಿಯಲ್ಲೇ ತಗೊಳ್ಳಿ. ಏಪ್ರಿಲ್‌ನಲ್ಲಿ ಹೋಗಿ ಚೌಕಾಸಿ ಮಾಡಿದರೆ ಅಂಗಡಿಯವರು ನಿಮ್ಮ ಬೆವರು ನೋಡಿಯೇ ರೇಟು ಹೇಳುತ್ತಾರೆ.