ನೆಟ್‌ವರ್ಕ್‌ಗೆ ಜೋಡಿಸಿ ಫೈಲ್ ಇಡುವ ಮೈ ಬುಕ್ ಲೈವ್ ಪೆಟ್ಟಿಗೆ ಸತ್ತಿದೆ. ಒಳಗಿನ ಡ್ರೈವ್ ಲಿನಕ್ಸ್‌ನಲ್ಲೂ ಮೌಂಟ್ ಆಗುತ್ತಿಲ್ಲ (ತೆರೆದುಕೊಳ್ಳುತ್ತಿಲ್ಲ), ಏಕೆ?
ಡ್ರೈವ್ ಬಹುಶಃ ಚೆನ್ನಾಗಿಯೇ ಇದೆ. ತೊಡಕು ಬ್ಲಾಕ್, ಅಂದರೆ ಡಿಸ್ಕ್‌ನಲ್ಲಿ ಡೇಟಾ ಇಡುವ ತುಣುಕಿನ ಗಾತ್ರದ್ದು. ವೆಸ್ಟರ್ನ್ ಡಿಜಿಟಲ್‌ನ ಈ ಪೆಟ್ಟಿಗೆಯಲ್ಲಿರುವುದು ಮಾಮೂಲಿ ಪಿಸಿಯದಕ್ಕಿಂತ ಬೇರೆ ಬಗೆಯ ಪವರ್‌ಪಿಸಿ ಪ್ರೊಸೆಸರ್. ಪೆಟ್ಟಿಗೆಯ ಡ್ರೈವ್‌ನಲ್ಲಿ ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ವ್ಯವಸ್ಥೆ) ಇರುವ ಡೇಟಾ ವಿಭಾಗದ ಬ್ಲಾಕ್ 64 ಕೆಬಿ. ಮಾಮೂಲಿ ಪಿಸಿಯ ಮೆಮೊರಿ ಪುಟವೋ (ಮೆಮೊರಿಯನ್ನು ಹಂಚುವ ತುಣುಕು) ಬರೀ 4 ಕೆಬಿ. ಪುಟಕ್ಕಿಂತ ದೊಡ್ಡ ಬ್ಲಾಕನ್ನು ಸಾಮಾನ್ಯವಾಗಿ ಬಳಕೆಯಲ್ಲಿರುವ ಕರ್ನಲ್‌ಗಳು (ಲಿನಕ್ಸ್‌ನ ತಿರುಳು) ಮೌಂಟ್ ಮಾಡುವುದಿಲ್ಲ.

ಹಾಗಾಗಿ ಕರ್ನಲ್‌ನ ಗೊಡವೆ ಬೇಡ. ಡ್ರೈವನ್ನು ಸಾಟಾ ಕೇಬಲ್‌ಗೆ ಜೋಡಿಸಿ, 4ನೇ ವಿಭಾಗವನ್ನು (ಡೇಟಾ ವಿಭಾಗ) ಕರ್ನಲ್‌ನ ಹೊರಗೇ ಇಎಕ್ಸ್‌ಟಿ4 ಓದುವ ಫ್ಯೂಸ್2ಎಫ್‌ಎಸ್ ತಂತ್ರಾಂಶದ ಮೂಲಕ ಓದಲು ಮಾತ್ರ ಎಂಬಂತೆ ತೆರೆದು ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲಿಸಿ. ಅದೂ ಕೈಕೊಟ್ಟರೆ ಡೀಬಗ್‌ಎಫ್‌ಎಸ್ ಎಂಬ ತಂತ್ರಾಂಶದಲ್ಲಿ ಫೋಲ್ಡರ್‌ಗಳನ್ನು ನಕಲಿಸುವ ಆರ್‌ಡಂಪ್ ಆದೇಶವಿದೆ. ನಿಧಾನ, ಆದರೆ ನಂಬಬಹುದು.

ಡ್ರೈವ್ ಟಿಕ್‌ಟಿಕ್ ಎನ್ನುತ್ತಿದ್ದರೆ ಇದ್ಯಾವುದನ್ನೂ ಮಾಡದೆ ಕರೆಂಟ್ ತೆಗೆದು ರಿಕವರಿ ಲ್ಯಾಬ್‌ಗೆ ಕೊಡಿ. ವಿಂಡೋಸ್‌ಗೆ ಹಾಕಿದಾಗ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ, ದಯವಿಟ್ಟು ಬೇಡ ಅನ್ನಿ.