ಆರು ಗಂಟೆಯ ಮೇಲೆ ನಮ್ಮೂರಿಂದ ಮೈಸೂರು ಎಷ್ಟು ದೂರ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಹೆಂಡತಿಗೆ ಎಂಟು ತಿಂಗಳು, ದಸರಾ ರಜೆಗೆ ಡಿ.ಬಿ. ಕುಪ್ಪೆಯ ತವರಿಗೆ ಹೋಗಲೇಬೇಕು ಅಂತಿದ್ದಾಳೆ, ಏನಾದರೂ ಆದರೆ ಮೈಸೂರು ಎರಡೂವರೆ ಗಂಟೆ ದಾರಿ ತಾನೇ ಎಂದು ಕೇಳಿದ್ದೀರಿ. ನಾನು ಆ ಊರಲ್ಲೇ ಹುಟ್ಟಿ ಬೆಳೆದು ಮೈಸೂರಿಗೆ ಸೊಸೆಯಾಗಿ ಬಂದವಳು. ನೀವು ಕೇಳಿದ್ದನ್ನೇ ನಮ್ಮವರೂ 2019ರಲ್ಲಿ ಕೇಳಿದ್ದರು.

ಹಗಲಲ್ಲಿ ಎರಡೂವರೆ ಗಂಟೆ ಸರಿ. ಮೈಸೂರಿಂದ ಕೋಟೆ, ಅಂತರಸಂತೆ, ಅಲ್ಲಿಂದ ನಾಗರಹೊಳೆ ಕಾಡು, ಬಳ್ಳೆ ಆನೆ ಶಿಬಿರ ದಾಟಿ ನಮ್ಮೂರು. ಕೋಟೆ ಎಂದರೆ ಹೆಗ್ಗಡದೇವನಕೋಟೆ. ನಮ್ಮ ಕಡೆ ಯಾರೂ ಪೂರ್ತಿ ಹೇಳುವುದಿಲ್ಲ. ಆದರೆ ಆ ಕಾಡಿನ ರಸ್ತೆ ಸಂಜೆ 6ಕ್ಕೆ ಮುಚ್ಚಿದರೆ ಬೆಳಗ್ಗೆ 6ಕ್ಕೇ ತೆರೆಯುವುದು. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚುವುದು ಎಲ್ಲರಿಗೂ ಗೊತ್ತು, ಪೇಪರಿನಲ್ಲಿ ಬಂದು ಬಂದು ಬಾಯಿಪಾಠ ಆಗಿದೆ. ನಮ್ಮೂರಿನ ಈ ಕಾಡಿನ ರಸ್ತೆಗೂ (ಬಾವಲಿ ಊರಿನ ಕಡೆ ಹೋಗುವುದರಿಂದ ಬಾವಲಿ ರಸ್ತೆ ಅನ್ನುತ್ತಾರೆ) ಅದೇ ಲೆಕ್ಕ ಅಂದುಕೊಂಡು ಏಳೂವರೆಗೆ ಗೇಟಿನ ಮುಂದೆ ಬಂದು ನಿಲ್ಲುವವರು ಇವತ್ತಿಗೂ ಇದ್ದಾರೆ. ಆಂಬುಲೆನ್ಸ್ ಬಿಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ 108ರ ಗಾಡಿ ಕಾಡಿನ ಆಚೆಯಿಂದ ಬರಬೇಕು, ಬಂದು ಅದೇ ಕಾಡಿನಲ್ಲಿ ತಿರುಗಿ ಹೋಗಬೇಕು. ನಡುವೆ ಆನೆ ಅಡ್ಡ ನಿಂತರೆ ಅದು ಹೋಗುವ ತನಕ ಲೈಟ್ ಆರಿಸಿ ಕೂರಬೇಕು.

ಇನ್ನೊಂದು ದಿಕ್ಕಿಗೆ ಕಬಿನಿ. ಹೊಳೆಯ ಆಚೆ ದಡ ಪೆರಿಕ್ಕಲ್ಲೂರು, ವಯನಾಡು ಜಿಲ್ಲೆ, ಕೇರಳ. ತೋಣಿ ಹತ್ತಿದರೆ ಹತ್ತು ನಿಮಿಷವೂ ಬೇಡ. ಸೇತುವೆ ಬರುತ್ತೆ ಅಂತ ನಾನು ಲಂಗ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ನಮ್ಮ ಮೀನು, ಮದುವೆ ಬಟ್ಟೆ, ಹಲ್ಲುನೋವು ಎಲ್ಲಕ್ಕೂ ಆ ದಡವೇ. ರೇಷನ್ ಕಾರ್ಡು, ವೋಟು, ಪಹಣಿ ಮಾತ್ರ ಕೋಟೆಗೆ.

ಆ ವರ್ಷ ನನಗೆ 34 ವಾರ ಮುಗಿದಿತ್ತು. ಮೈಸೂರಿನ ಡಾಕ್ಟರಮ್ಮ ದೂರ ಪ್ರಯಾಣ ಬೇಡ ಅಂದಿದ್ದರು. ನಾನು ಅವರಿಗೆ ಊರಿನ ಹೆಸರು ಹೇಳದೆ "ಕೋಟೆ ಹತ್ತಿರ" ಅಂದೆ. ಅದು ನನ್ನ ತಪ್ಪೇ, ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ. ಆಯುಧಪೂಜೆಗೆ ಅಪ್ಪನ ಟ್ರಾಕ್ಟರಿಗೆ ಕುಂಬಳಕಾಯಿ ಒಡೆಯುವುದನ್ನು ನೋಡದೆ ನನ್ನ ಜೀವಮಾನದಲ್ಲಿ ಒಂದು ವರ್ಷವೂ ಕಳೆದಿರಲಿಲ್ಲ.

ಊರಿಗೆ ಹೋದ ಎರಡನೇ ದಿನ ಉಂಗುರ ಬೆರಳಿಂದ ಬರಲಿಲ್ಲ. ಸೋಪು ಹಾಕಿದರೂ ಇಲ್ಲ. ಅವ್ವನಿಗೆ ಖುಷಿಯೋ ಖುಷಿ. "ಮೊಕ ತುಂಬ್ಕೊಂಡದೆ ಕಣವ್ವ, ಹೆಣ್ಮಗೀನೇ" ಅಂದಳು. ಕಾಲು ಊದಿದ್ದಕ್ಕೆ "ಬಸುರಿ ಕಾಲು ಊದದೆ ಇನ್ಯಾರ ಕಾಲು ಊದ್ತದೆ" ಅಂದಳು. ಮೂರನೇ ದಿನ ತಲೆನೋವು ಶುರುವಾಯಿತು. ಬಿಸಿಲು ಅಂತ ಅಮೃತಾಂಜನ ತಿಕ್ಕಿಕೊಂಡೆ. ಆಯುಧಪೂಜೆ ದಿನ ಮಧ್ಯಾಹ್ನ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡಿದ ಹಾಗೆ ನೋವು ಬಂತು. ಒಬ್ಬಟ್ಟು ಜಾಸ್ತಿ ಆಯಿತು ಅಂತ ಓಮದ ನೀರು ಕುಡಿಸಿದರು. ಒಬ್ಬಟ್ಟು ತಿಂದದ್ದು ಎರಡೇ ಎರಡು, ದೇವರಾಣೆ.

ಸಂಜೆ ಏಳರ ಹೊತ್ತಿಗೆ ಟ್ರಾಕ್ಟರಿಗೆ ಕಟ್ಟಿದ ಸೀರಿಯಲ್ ಸೆಟ್ ನೋಡುತ್ತಾ ಕೂತಿದ್ದೆ. ಲೈಟ್ ಇಲ್ಲದ ಕಡೆಯೂ ಚುಕ್ಕಿ ಚುಕ್ಕಿ ಮಿನುಗತೊಡಗಿತು. ಕಣ್ಣು ಮುಚ್ಚಿದರೂ ಮಿನುಗುತ್ತಿತ್ತು. ಹಬ್ಬದ ಊಟಕ್ಕೆ ಬಂದಿದ್ದ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಇದನ್ನು ಸುಮ್ಮನೆ ಮಾತಿಗೆ ಅಂತ ಹೇಳಿದೆ. ಅವರು ಎಲೆ ಮುಂದಿನಿಂದ ಅರ್ಧ ಊಟಕ್ಕೇ ಎದ್ದು ಕೈ ತೊಳೆದು ಮನೆಗೆ ಓಡಿ ಬಿ.ಪಿ. ಮಿಷನ್ ತಂದರು. 160/110. ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿದರು. ಅಷ್ಟೇ. ಒಂದು ಮಾತ್ರೆ ನುಂಗಿಸಿ, ಅಪ್ಪನನ್ನು ಪಕ್ಕಕ್ಕೆ ಕರೆದು ಒಂದೇ ಮಾತು ಅಂದರು: "ಬೆಳಗಿನವರೆಗೆ ಕಾಯಕ್ಕಾಗಲ್ಲ."

ನಮ್ಮವರು ಕಾರಿನ ಕೀ ಹಿಡಿದು ಅಂಗಳದಲ್ಲಿ ನಿಂತಿದ್ದರು. ಗೇಟಿನಲ್ಲಿ ಕೈಮುಗಿದು ಕೇಳಿದರೆ ಬಿಡುವುದಿಲ್ಲವಾ, ಸಿಟಿಯಲ್ಲಿ ಚೆಲುವಾಂಬ ಆಸ್ಪತ್ರೆ ಇದೆ, ನಮ್ಮ ಡಾಕ್ಟರಮ್ಮ ಇದ್ದಾರೆ ಅಂತ ಒಂದೇ ಸಮ ಹೇಳುತ್ತಿದ್ದರು. ಅಪ್ಪ ಉತ್ತರ ಕೊಡಲಿಲ್ಲ. ಅಷ್ಟು ಹೊತ್ತಿಗೆ ತೋಣಿಯವನ ಜೊತೆ ಮಲಯಾಳದಲ್ಲಿ ಮಾತಾಡಿ ಮುಗಿಸಿ, ಶುಂಠಿ ಚೇಟನಿಗೆ ಫೋನ್ ಹಚ್ಚಿದ್ದರು. ಆಚೆ ದಡದವನು, ನಮ್ಮ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾನೆ, ಅದಕ್ಕೇ ಊರೆಲ್ಲ ಹಾಗೆ ಕರೆಯುವುದು, ಚೇಟ ಎಂದರೆ ಮಲಯಾಳದಲ್ಲಿ ಅಣ್ಣ. ನಮ್ಮವರಿಗೆ ಸಿಟ್ಟು ಬಂತು. ಹೆಂಡತಿಯನ್ನು ಕತ್ತಲಲ್ಲಿ, ಹೊಳೆಯಲ್ಲಿ, ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗುವುದೇ ಎಂದು. ಅಪ್ಪ ಅಂದದ್ದು ಇಷ್ಟೇ: "ಅಳಿಯಂದಿರೆ, ಈಗ ಮೈಸೂರೇ ಬೇರೆ ರಾಜ್ಯ."

ಮಳೆಗಾಲ ಮುಗಿದು ಹೊಳೆ ಇನ್ನೂ ತುಂಬಿಯೇ ಇತ್ತು. ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಕುರ್ಚಿಯ ಸಮೇತ ಎತ್ತಿ ತೋಣಿಗೆ ಇಟ್ಟರು. ಟಾರ್ಚಿನ ಬೆಳಕು ನನ್ನ ಕಣ್ಣಿಗೆ ಬೀಳದ ಹಾಗೆ ಸಿಸ್ಟರ್ ಸೆರಗು ಅಡ್ಡ ಹಿಡಿದಿದ್ದರು. ಆಚೆ ದಡದಲ್ಲಿ ಶುಂಠಿ ಚೇಟ ಜೀಪನ್ನು ನೀರಿನ ಅಂಚಿಗೇ ಇಳಿಸಿ ಹೆಡ್‌ಲೈಟ್ ಹಾಕಿದ್ದ. ತೋಣಿಯವನು ಅದೇ ಬೆಳಕಿನ ನೇರಕ್ಕೆ ಹುಟ್ಟು ಹಾಕಿದ. ಅರ್ಧ ಹೊಳೆಯಲ್ಲಿ ನಮ್ಮವರ ಮೊಬೈಲಿಗೆ ಕೇರಳದ ನೆಟ್‌ವರ್ಕ್‌ನಿಂದ ಸ್ವಾಗತದ ಮೆಸೇಜ್ ಬಂತು. ಆ ಮನುಷ್ಯ ಅದನ್ನು ಪೂರ್ತಿ ಓದಿದರು, ಪಾಪ.

ಪುಲ್ಪಳ್ಳಿ ದಾಟಿ ಆಸ್ಪತ್ರೆ ಸೇರಿದಾಗ ಹತ್ತು ಗಂಟೆಯ ಹತ್ತಿರ. ಅಲ್ಲಿ ನರ್ಸ್ ನನ್ನ ಕಾಲು ಒತ್ತಿ ನೋಡಿ, ನಮ್ಮವರ ಕಡೆ ತಿರುಗಿ "ನೀರುಂಡೋ?" ಅಂದರು. ನಮ್ಮವರು ತಡಬಡಾಯಿಸಿ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಕೊಟ್ಟರು. ಮಲಯಾಳದಲ್ಲಿ ನೀರು ಎಂದರೆ ಬಾವು, ಊತ. ಕುಡಿಯುವುದು ವೆಳ್ಳಂ. ತಲೆ ಸಿಡಿಯುತ್ತಿದ್ದರೂ ನನಗೆ ನಗು ತಡೆಯಲಾಗಲಿಲ್ಲ. ಅವ್ವ ಮೂರು ದಿನದಿಂದ ಹೇಳುತ್ತಿದ್ದದ್ದೂ ಅದೇ ಪದ, "ಕಾಲಲ್ಲಿ ನೀರು ತುಂಬದೆ". ಎರಡು ಭಾಷೆಯಲ್ಲೂ ರೋಗದ ಹೆಸರು ನಮ್ಮ ಮನೆಯೊಳಗೇ ಓಡಾಡುತ್ತಿತ್ತು, ಯಾರ ಕಿವಿಗೂ ಬೀಳಲಿಲ್ಲ. ತಾಯಿ ಕಾರ್ಡ್ ಕನ್ನಡದಲ್ಲಿತ್ತು. ಅಲ್ಲಿನ ಡಾಕ್ಟರಿಗೆ ಅಕ್ಷರ ಬಾರದಿದ್ದರೇನು, ಅಂಕಿ ಸಾಕಿತ್ತು. ಹಿಂದಿನ ಐದು ತಿಂಗಳ ಬಿ.ಪಿ. ಬರೆದದ್ದನ್ನು ಬೆರಳಿಟ್ಟು ಓದಿಕೊಂಡು ಹೋದರು.

ಇದಕ್ಕೆ ಡಾಕ್ಟರುಗಳು ಪ್ರೀ ಎಕ್ಲಾಂಪ್ಸಿಯಾ ಅನ್ನುತ್ತಾರೆ, ಕನ್ನಡದಲ್ಲಿ ಗರ್ಭನಂಜು. ಮೂಲ ಇರುವುದು ಹೊಟ್ಟೆಯೊಳಗಿನ ಮಗುವಿಗೆ ಆಹಾರ ಒದಗಿಸುವ ಮಾಸಿನಲ್ಲಿ, ಒಬ್ಬಟ್ಟಿನಲ್ಲಲ್ಲ. 20 ವಾರದ ಮೇಲೆ ಬಿ.ಪಿ. 140/90ಕ್ಕೆ ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ಅನುಮಾನ ಪಡಬೇಕು. 160/110 ಮುಟ್ಟಿ, ತಲೆನೋವು, ಕಣ್ಣಿಗೆ ಮಿಂಚು, ಬಲಪಕ್ಕೆಯ ನೋವು ಸೇರಿದರೆ ತೀವ್ರವಾಗಿದೆ ಎಂದೇ ಅರ್ಥ, ಯಾವ ಹೊತ್ತಿನಲ್ಲಾದರೂ ಫಿಟ್ಸ್ ಬರಬಹುದು. ಫಿಟ್ಸ್ ತಡೆಯುವುದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್. ಒಂದು ರಕ್ತನಾಳಕ್ಕೆ ನಿಧಾನಕ್ಕೆ, ಮತ್ತೆ ಎರಡೂ ಕುಂಡಿಗೆ ಒಂದೊಂದು. ಅದು ಮೈಗೆ ಹೋದ ಕೂಡಲೇ ಒಳಗಿನಿಂದ ಒಲೆ ಹಚ್ಚಿದ ಹಾಗಾಗುತ್ತದೆ, ಹೆದರಬೇಡಿ ಅಂತ ಹೆಂಡತಿಗೆ ಹೇಳಿಡಿ. ನನಗೆ ಯಾರೂ ಹೇಳಿರಲಿಲ್ಲ. ರಾತ್ರಿಯೆಲ್ಲ ಮಂಡಿ ತಟ್ಟಿ ನೋಡುತ್ತಿದ್ದರು, ಮೂತ್ರ ಅಳೆಯುತ್ತಿದ್ದರು. ಔಷಧಿ ಮೈಯಲ್ಲಿ ಮಿತಿ ಮೀರಿತೋ ಎಂದು ತಿಳಿಯಲು ಅದೇ ದಾರಿಯಂತೆ. ಕೊನೆಗೆ ಈ ಕಾಯಿಲೆಗೆ ಮದ್ದು ಹೆರಿಗೆ ಒಂದೇ. ನನ್ನ ಹಾಗೆ ತೀವ್ರವಾಗಿ, 34 ವಾರವೂ ಕಳೆದಿದ್ದರೆ ಕಾಯಿಸುವುದಿಲ್ಲ.

ವಿಜಯದಶಮಿಯ ದಿನ ಸಿಸೇರಿಯನ್ ಆಯಿತು. ಹೆಣ್ಣು, ಎರಡು ಕೆ.ಜಿ.ಗೆ ಚೂರು ಮೇಲೆ. ಗೆದ್ದವಳು ಅವ್ವ. ಹೊರಗೆ ಕೂತಿದ್ದ ಅಪ್ಪ ಯಾರದೋ ಮೊಬೈಲಿನಲ್ಲಿ ಜಂಬೂಸವಾರಿ ನೋಡುತ್ತಿದ್ದರಂತೆ. ಅಂಬಾರಿ ಹೊತ್ತಿದ್ದದ್ದು ನಮ್ಮ ಬಳ್ಳೆ ಶಿಬಿರದ ಅರ್ಜುನ. ಅವನು ಹೊತ್ತ ಕೊನೆಯ ಅಂಬಾರಿ ಅದೇ ಆಯಿತು. ಅವತ್ತು ಮಧ್ಯಾಹ್ನ ಅರಮನೆಯಿಂದ ಬನ್ನಿಮಂಟಪದವರೆಗೆ ಜನವೋ ಜನ. ಚೆಲುವಾಂಬ ಆಸ್ಪತ್ರೆ ಇರುವುದು ಆ ಮೆರವಣಿಗೆಯ ದಾರಿಗೆ ತೀರಾ ಹತ್ತಿರ. ನಮ್ಮವರು ಆ ಮೇಲೆ ಒಂದು ಸಲವೂ "ಮೈಸೂರಿಗೆ ಹೋಗಿದ್ದರೆ" ಅಂದಿಲ್ಲ.

ಹನ್ನೊಂದು ದಿನ ಅಲ್ಲೇ ಇದ್ದೆವು. ಜನನ ನೋಂದಣಿ ಹುಟ್ಟಿದ ಜಾಗದಲ್ಲೇ, 21 ದಿನದೊಳಗೆ ಮಾಡಿಸಬೇಕು. ಹಾಗಾಗಿ ಮಗಳ ಹುಟ್ಟೂರು ಕಾಗದದ ಮೇಲೆ ವಯನಾಡು. ಮೈಸೂರಿನ ಶಾಲೆಗೆ ಸೇರಿಸುವಾಗ ಗುಮಾಸ್ತರು "ಕೇರಳದವರಾ?" ಅಂದರು. ಹೊಳೆ, ಗೇಟು, ಎಲ್ಲ ಹೇಳುವಷ್ಟು ಪುರುಸೊತ್ತು ಅವರಿಗಿರಲಿಲ್ಲ, ಹೌದು ಅಂದೆ. ಆ ಹೆರಿಗೆಯಾಗಿ ಆರು ತಿಂಗಳು ತುಂಬುವ ಮೊದಲೇ, 2020ರ ಮಾರ್ಚ್‌ನಲ್ಲಿ, ಕೊರೊನಾ ಅಂತ ಗಡಿಯೇ ಬಂದ್ ಆಯಿತು. ಆ ದಿನಗಳಲ್ಲಿ ನಮ್ಮೂರಿನ ಬಸುರಿಯರನ್ನು ನೆನೆದು ಎಷ್ಟೋ ರಾತ್ರಿ ನಿದ್ದೆ ಮಾಡಿಲ್ಲ. ಎರಡನೆಯ ಬಸಿರಿನಲ್ಲಿ ಡಾಕ್ಟರಮ್ಮ ಮೂರನೇ ತಿಂಗಳು ಮುಗಿದಾಗಿನಿಂದಲೇ ಸಣ್ಣ ಡೋಸಿನ ಆಸ್ಪಿರಿನ್ ಕೊಟ್ಟರು, ಏಳನೇ ತಿಂಗಳ ಮೇಲೆ ನಾನು ಮೈಸೂರು ಬಿಟ್ಟು ಅಲ್ಲಾಡಲಿಲ್ಲ. ಅವ್ವನೇ ಒಬ್ಬಟ್ಟು ಕಟ್ಟಿಕೊಂಡು ಬೆಳಗಿನ ಬಸ್ಸಿಗೆ ಬಂದಳು.

ನೀವು ಹೋಗಲೇಬೇಡಿ ಎಂದರೆ ನಿಮ್ಮ ಹೆಂಡತಿ ನನ್ನನ್ನು ಶಪಿಸುತ್ತಾರೆ, ನನಗೆ ಗೊತ್ತು. ಆದರೆ ಎಂಟು ತಿಂಗಳು ಅಂದಿರಲ್ಲ, ಅದು ವಾರದ ಲೆಕ್ಕದಲ್ಲಿ ಎಷ್ಟು ಅಂತ ಡಾಕ್ಟರ ಹತ್ತಿರ ಕೇಳಿ, ಕೇಳುವಾಗ ಊರಿನ ಹೆಸರು ಸರಿಯಾಗಿ ಹೇಳಿ. ಅವರು ಒಪ್ಪಿದರೂ ಬೆಳಗ್ಗೆ ಹೋಗಿ, ತಾಯಿ ಕಾರ್ಡ್ ಸೂಟ್‌ಕೇಸಿನಲ್ಲಲ್ಲ, ಕೈಚೀಲದಲ್ಲಿರಲಿ. ಒಂದು ಬಿ.ಪಿ. ಮಿಷನ್ ಕೊಂಡುಕೊಳ್ಳಿ, ಹಬ್ಬದ ಸೀರೆಗಿಂತ ಅಗ್ಗ. ಇವತ್ತೇ ನಿಮ್ಮ ಮಾವನವರಿಗೆ ಫೋನ್ ಮಾಡಿ ತೋಣಿಯವರ ನಂಬರ್ ಕೇಳಿ. ಯಾಕೆ ಅಂತ ಅವರು ಕೇಳುವುದಿಲ್ಲ.